ಕೈಗೆ ಮಣ್ಣು, ಮನಸ್ಸಿಗೆ ಮದ್ದು

ಮುಂಬಯಿಯ ಹೆದ್ದಾರಿಗಳ ಬದಿಯಲ್ಲಿ, ಬಿದಿರಿನ ಗಳುಗಳ ಮೇಲೆ ಹಸಿರು ಬಲೆಯನ್ನು ಹೊದಿಸಿ, ಅದರ ನೆರಳಿನಲ್ಲಿ ನೂರಾರು ಕುಂಡಗಳನ್ನು ಸಾಲಾಗಿ ಇಟ್ಟಿರುವುದನ್ನು ನೀವೆಲ್ಲರೂ ಕಂಡಿದ್ದೀರಿ. ಜನರು ಅದನ್ನು ನರ್ಸರಿ ಎಂದು ಕರೆಯುತ್ತಾರೆ. ಇಂಥವುಗಳಲ್ಲಿ ಎಷ್ಟೋ ಒಂದೊಂದು ಕುಟುಂಬದ ದುಡಿಮೆಯಿಂದ ಹುಟ್ಟಿ, ಆ ಕುಟುಂಬದ ಕೈಯಲ್ಲಿಯೇ ಬೆಳೆದು ಬಂದಂಥವು. ತಂದೆ ಮಣ್ಣು ಗೊಬ್ಬರಗಳನ್ನು ಹದಗೊಳಿಸುತ್ತಾನೆ. ತಾಯಿ ಎಳೆಯ ಸಸಿಗಳನ್ನು ಒಂದು ಚೀಲದಿಂದ ಇನ್ನೊಂದಕ್ಕೆ ಬದಲಿಸುತ್ತಾಳೆ. ಶಾಲೆ ಬಿಟ್ಟು ಬಂದ ಮಕ್ಕಳು ನೀರೆರೆಯುತ್ತಾರೆ. ಗಿರಾಕಿಯೊಬ್ಬನು ಬಾಡಿದ ಗಿಡವನ್ನು ಹಿಡಿದು ತಂದರೆ, ಮನೆಯ ಹಿರಿಯನು ಎಲೆಯನ್ನು ಮಗುಚಿ ನೋಡುತ್ತಾನೆ. ಬೆರಳನ್ನು ಮಣ್ಣಿನಲ್ಲಿ ಊರಿ ನೋಡುತ್ತಾನೆ. ಆಮೇಲೆ “ನೀರು ಹೆಚ್ಚಾಯಿತು” ಎಂದೋ “ಬಿಸಿಲು ಸಾಲದು” ಎಂದೋ ಹೇಳುತ್ತಾನೆ. ವೈದ್ಯನು ರೋಗಿಯ ನಾಡಿಯನ್ನು ಹಿಡಿದು ನೋಡುವ ರೀತಿಗೂ ಇದಕ್ಕೂ ಬಹಳ ಅಂತರವಿಲ್ಲ.

ನರ್ಸರಿ ಎಂಬ ಇಂಗ್ಲಿಷ್ ಮಾತೂ, ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿಕೊಳ್ಳುವ ನರ್ಸ್ ಎಂಬ ಮಾತೂ ಒಂದೇ ಬೇರಿನವು. ಪೋಷಿಸುವುದು ಎಂಬುದೇ ಆ ಬೇರಿನ ಅರ್ಥ. ನಮ್ಮ ಶುಶ್ರೂಷೆ ಎಂಬ ಮಾತು ಇನ್ನೂ ಸೊಗಸಾದುದು. ಸಂಸ್ಕೃತದಲ್ಲಿ ಅದರ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’. ಎದುರಿಗಿರುವವರಿಗೆ ಏನು ಬೇಕೆಂಬುದನ್ನು ಕಿವಿಗೊಟ್ಟು ಕೇಳುವವನೇ ಶುಶ್ರೂಷೆ ಮಾಡಬಲ್ಲನು. ಗಿಡವಾದರೋ ಬಾಯಿಲ್ಲದ ಜೀವ. ಅದರ ಮಾತನ್ನು ಕೇಳಬೇಕಾದರೆ ಕಣ್ಣಿನಿಂದಲೂ ಬೆರಳಿನಿಂದಲೂ ಕೇಳಬೇಕು. ಈ ಕೇಳುವಿಕೆಯಲ್ಲಿಯೇ ತೋಟಗಾರಿಕೆಯ ಗುಣಕಾರಿ ಶಕ್ತಿ ಅಡಗಿದೆ ಎಂಬುದು ನನ್ನ ನಂಬಿಕೆ. ಆದುದರಿಂದ ನಮ್ಮಂಥ ನಗರದ ಶಾಲೆಗಳಿಗೆ ಬೇಕಾದುದು ನೋಡುವ ತೋಟವಲ್ಲ, ಮಾಡುವ ತೋಟ ಎಂದು ಈ ಲೇಖನದಲ್ಲಿ ವಾದಿಸಬಯಸುತ್ತೇನೆ.

ಮೊದಲು ಗಾಜಿನ ಮನೆಯ ವಿಚಾರ. ಬೇಸಗೆ ರಜೆಯಲ್ಲಿ ಬೆಂಗಳೂರಿಗೆ ಹೋದವರು ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡಿರಬಹುದು. ಹೈದರಾಲಿಯು 1760ರಲ್ಲಿ ಆರಂಭಿಸಿದ ಆ ತೋಟದಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿದ್ದುದು 1889ರಲ್ಲಿ. ಅಲ್ಲಿ ಈಗ ನಡೆಯುವುದು ಮುಖ್ಯವಾಗಿ ಫಲಪುಷ್ಪ ಪ್ರದರ್ಶನ. ಆದರೆ ಚಳಿಯ ದೇಶಗಳಲ್ಲಿ ಗಾಜಿನ ಮನೆಯ ಉದ್ದೇಶ ಬೇರೆ. ಸೂರ್ಯನ ಬೆಳಕು ಗಾಜಿನ ಮೂಲಕ ಒಳಗೆ ಬಂದು ಮಣ್ಣನ್ನೂ ಗಿಡಗಳನ್ನೂ ಬೆಚ್ಚಗಾಗಿಸುತ್ತದೆ. ಬೆಚ್ಚಗಾದ ಗಾಳಿ ಮೇಲೇರಿ ಹೊರಗೆ ಹೋಗದಂತೆ ಗಾಜು ತಡೆಯುತ್ತದೆ. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ಚಿಗುರು ಒಡೆಯುತ್ತದೆ. ನಮ್ಮ ನಾಡಿನಲ್ಲಿ ಗಿಡಗಳಿಗೆ ಭಯವಿರುವುದು ಚಳಿಯಿಂದಲ್ಲ, ಉರಿಬಿಸಿಲಿನಿಂದ. ಅದಕ್ಕಾಗಿ ನಮ್ಮಲ್ಲಿ ಗಾಜಿಗೆ ಬದಲು ಹಸಿರು ಬಲೆ. ಅಲ್ಲಿ ಬಿಸಿಯನ್ನು ಕಾಪಾಡುತ್ತಾರೆ, ಇಲ್ಲಿ ನೆರಳನ್ನೂ ತೇವವನ್ನೂ ಕಾಪಾಡುತ್ತೇವೆ. ಎರಡರ ತತ್ತ್ವವೂ ಒಂದೇ: ಎಳೆಯ ಜೀವವೊಂದು ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೆ ಅದಕ್ಕೊಂದು ಆಸರೆ.

ಇಂಥ ಆಸರೆಯನ್ನು ಸೀಸೆಯೊಳಗೇ ಕಟ್ಟಿದವನು ಒಬ್ಬ ನಗರವಾಸಿ. ಲಂಡನ್ನಿನಲ್ಲಿ ನಥೇನಿಯಲ್ ವಾರ್ಡ್ ಎಂಬ ವೈದ್ಯನಿದ್ದನು. ಅವನಿಗೆ ಗಿಡಗಳೆಂದರೆ ಪ್ರಾಣ. ಆದರೆ ಕಲ್ಲಿದ್ದಲಿನ ಹೊಗೆಯಿಂದ ಅವನು ನೆಟ್ಟ ಜರಿಗಿಡಗಳೆಲ್ಲ ಸತ್ತುಹೋಗುತ್ತಿದ್ದವು. 1829ರಲ್ಲಿ ಅವನು ಪತಂಗವೊಂದರ ಕೋಶವನ್ನು ತೇವದ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದನು. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಒಂದು ಜರಿಗಿಡವೂ ಒಂದು ಹುಲ್ಲಿನ ಎಸಳೂ ಮೇಲೆದ್ದವು. ಹಗಲಿನಲ್ಲಿ ಮೇಲೇರಿದ ತೇವ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಹೊಸ ನೀರಿಲ್ಲದೆ ಆ ಗಿಡಗಳು ಸುಮಾರು ನಾಲ್ಕು ವರ್ಷ ಬದುಕಿದವು. 1833ರಲ್ಲಿ ಇದೇ ತತ್ತ್ವದ ಗಾಜಿನ ಪೆಟ್ಟಿಗೆಗಳು ಹಡಗಿನ ಮೇಲೆ ಹೊರಟು ಸಿಡ್ನಿಯನ್ನು ಕ್ಷೇಮವಾಗಿ ಸೇರಿದವು. ಮುಂದೆ ಚೀನಾದ ಚಹಾ ಗಿಡಗಳು ನಮ್ಮ ಹಿಮಾಲಯದ ತಪ್ಪಲಿಗೆ ಬಂದುದೂ ಇಂಥ ಪೆಟ್ಟಿಗೆಗಳಲ್ಲಿಯೇ. ಆದರೆ ವಾರ್ಡನು ಕೇವಲ ವ್ಯಾಪಾರದ ಉಪಯೋಗವನ್ನು ಯೋಚಿಸಲಿಲ್ಲ. 1842ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಅವನು, ಇಕ್ಕಟ್ಟಾದ ಕೇರಿಗಳ ಬಡವರ ಜೀವನಕ್ಕೆ ಈ ಪೆಟ್ಟಿಗೆಗಳಿಂದ ಆಗಬಹುದಾದ ಹಿತವನ್ನೂ ವಿಚಾರ ಮಾಡಿದನು. ಹೊಗೆಯ ನಗರದಲ್ಲಿದ್ದ ವೈದ್ಯನೊಬ್ಬನಿಗೆ ಹಸಿರಿನ ನೆನಪಾದುದು ಆಕಸ್ಮಿಕವಲ್ಲ. ಅದರ ಕೊರತೆಯನ್ನು ಅವನು ದಿನವೂ ಕಾಣುತ್ತಿದ್ದನು.

ಗಿಡಗಳಿಂದ ರೋಗಿಗೆ ಹಿತವಾಗುವುದೆಂಬ ವಿಚಾರ ವಾರ್ಡನಿಗಿಂತ ಹಳೆಯದು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ ಬೆಂಜಮಿನ್ ರಷ್ ಎಂಬ ವೈದ್ಯನು 1812ರಲ್ಲಿ ಮನೋರೋಗಗಳನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಅದರಲ್ಲಿ ಒಂದು ವಿಚಿತ್ರವಾದ ಸಂಗತಿಯಿದೆ. ಆಸ್ಪತ್ರೆಯಲ್ಲಿ ಸೌದೆ ಕಡಿಯುವ, ಒಲೆ ಹೊತ್ತಿಸುವ, ತೋಟದಲ್ಲಿ ಅಗೆಯುವ ರೋಗಿಗಳು ಅನೇಕ ವೇಳೆ ಗುಣ ಹೊಂದುತ್ತಿದ್ದರಂತೆ. ತಮ್ಮ ಅಂತಸ್ತಿನ ಕಾರಣದಿಂದ ಅಂಥ ಕೆಲಸಕ್ಕೆ ಕೈಹಾಕಬೇಕಾಗಿಲ್ಲದ ಸಿರಿವಂತರು ಆಸ್ಪತ್ರೆಯ ಗೋಡೆಗಳೊಳಗೆ ಸೊರಗಿ ಹೋಗುತ್ತಿದ್ದರಂತೆ. ಈ ಮಾತಿನ ಮೇಲೆ ನಾವು ಸ್ವಲ್ಪ ನಿಲ್ಲಬೇಕು. ಸಿರಿವಂತನಿಗೆ ಊಟಕ್ಕೆ ಕೊರತೆಯಿರಲಿಲ್ಲ. ಅವನಿಗೆ ಕೊರತೆಯಾದುದು ಕೆಲಸ. ತನ್ನಿಂದ ಇನ್ನೊಂದಕ್ಕೆ ಉಪಯೋಗವಿದೆ ಎಂಬ ಅರಿವು.

ಅದೇ ಫಿಲಡೆಲ್ಫಿಯ ನಗರದಲ್ಲಿ ಕ್ವೇಕರ್ ಪಂಥದವರು 1813ರಲ್ಲಿ ಮಾನಸಿಕ ರೋಗಿಗಳಿಗಾಗಿ ಆಸ್ಪತ್ರೆಯೊಂದನ್ನು ಸ್ಥಾಪಿಸಿದರು. ರೋಗಿಗಳನ್ನು ಸರಪಳಿಯಲ್ಲಿ ಬಿಗಿಯುವುದಕ್ಕೆ ಬದಲು ತೋಟ, ಹೊಲ, ಮರಗಳ ನಡುವೆ ಇಡುವುದು ಅವರ ಪದ್ಧತಿಯಾಯಿತು. 1879ರಲ್ಲಿ ಅಲ್ಲಿ ರೋಗಿಗಳ ಉಪಯೋಗಕ್ಕಾಗಿಯೇ ಒಂದು ಗಾಜಿನ ಮನೆಯನ್ನು ಕಟ್ಟಿಸಿದರು.

ಇದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದುದು ಒಂದು ಕುಟುಂಬದ ಕಥೆ. ಅಮೆರಿಕದ ಕಾನ್ಸಾಸ್ ಸಂಸ್ಥಾನದ ಟೊಪೀಕ ಎಂಬ ಊರಿನಲ್ಲಿ ಚಾರ್ಲ್ಸ್ ಮೆನಿಂಜರ್ ಎಂಬ ವೈದ್ಯನಿದ್ದನು. ಅವನಿಗೆ ಹೂಗಿಡಗಳಲ್ಲಿ ಅಪಾರ ಆಸಕ್ತಿ. 1919ರಿಂದ ಮೊದಲುಗೊಂಡು ಅವನೂ, ಅವನ ಮಕ್ಕಳಾದ ಕಾರ್ಲ್ ಮತ್ತು ವಿಲಿಯಂ ಎಂಬವರೂ ಸೇರಿ ಮಾನಸಿಕ ರೋಗಿಗಳ ಚಿಕಿತ್ಸಾಲಯವೊಂದನ್ನು ಬೆಳೆಸಿದರು. ಅಲ್ಲಿ ತೋಟದ ಕೆಲಸ, ಗಿಡಮರಗಳ ಪರಿಚಯ ಇವೆಲ್ಲ ರೋಗಿಯ ದಿನಚರಿಯ ಅಂಗಗಳಾದವು. ತಂದೆಗೆ ತನ್ನ ಅಂಗಳದಲ್ಲಿ ದೊರೆತ ನೆಮ್ಮದಿ ಮಕ್ಕಳ ಕಾಲದಲ್ಲಿ ನೂರಾರು ಅಪರಿಚಿತರಿಗೆ ಹಂಚಿಹೋಯಿತು. 1970ರ ದಶಕದ ಆರಂಭದಲ್ಲಿ ಕಾನ್ಸಾಸಿನ ವಿಶ್ವವಿದ್ಯಾಲಯವೊಂದು ಈ ಸಂಸ್ಥೆಯೊಡನೆ ಸೇರಿ, ತೋಟಗಾರಿಕೆಯ ಮೂಲಕ ಚಿಕಿತ್ಸೆ ನೀಡುವವರಿಗೆ ಶಿಕ್ಷಣ ಕೊಡಲು ತೊಡಗಿತು. ನ್ಯೂಯಾರ್ಕಿನಲ್ಲಿ ಅಂಗವೈಕಲ್ಯ ಹೊಂದಿದವರ ಪುನಶ್ಚೇತನಕ್ಕಾಗಿ ಡಾಕ್ಟರ್ ಹೋವರ್ಡ್ ರಸ್ಕ್ ಸ್ಥಾಪಿಸಿದ್ದ ಸಂಸ್ಥೆಗೆ 1959ರಲ್ಲಿ ಗಾಜಿನ ಮನೆಯೊಂದು ಸೇರಿತು. ಗಾಲಿಕುರ್ಚಿಯಲ್ಲಿ ಕುಳಿತವರೂ ಅಲ್ಲಿ ಸಸಿಗಳನ್ನು ನೆಡಬಹುದಾಗಿತ್ತು. ಆ ಗಾಜಿನ ಮನೆ ಇಂದು ಉಳಿದಿಲ್ಲ. ಅದರಿಂದ ಹೊರಟ ವಿಚಾರ ಉಳಿದಿದೆ.

ಇದೆಲ್ಲ ಬರಿಯ ಭಾವುಕತೆಯೇ, ಅಥವಾ ಇದಕ್ಕೆ ಶಾಸ್ತ್ರದ ಆಧಾರವುಂಟೇ ಎಂದು ವಿಜ್ಞಾನವನ್ನು ಓದುವ ಹಿರಿಯ ತರಗತಿಯ ವಿದ್ಯಾರ್ಥಿಗಳು ಕೇಳಬಹುದು. ಕೇಳಲೇಬೇಕು. ರೋಜರ್ ಉಲ್ರಿಚ್ ಎಂಬ ವಿದ್ವಾಂಸನು 1984ರಲ್ಲಿ ಒಂದು ಪರಿಶೀಲನೆಯನ್ನು ಪ್ರಕಟಿಸಿದನು. ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ 23 ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಇನ್ನು 23 ಜನರ ಕಿಟಕಿಯಿಂದ ಕಾಣುತ್ತಿದ್ದುದು ಇಟ್ಟಿಗೆಯ ಗೋಡೆ. ಮರವನ್ನು ಕಂಡವರು ಸರಾಸರಿಯಲ್ಲಿ ಮುಕ್ಕಾಲು ದಿನದಷ್ಟು ಮೊದಲು ಮನೆಗೆ ಹೋದರು. ನೋವಿಗೆ ಅವರು ತೆಗೆದುಕೊಂಡ ತೀಕ್ಷ್ಣವಾದ ಔಷಧಗಳೂ ಕಡಿಮೆ. ಇದು ಕಣ್ಣಿಗೆ ಕಂಡ ಹಸಿರಿನ ಫಲ. ಕೈಯಿಂದ ಮಾಡಿದ ತೋಟದ ಫಲವನ್ನು ಹಾಲೆಂಡಿನಲ್ಲಿ ನೋಡಿದರು. 2011ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 30 ಮಂದಿ ತೋಟಗಾರರಿಗೆ ಮೊದಲು ಮನಸ್ಸಿಗೆ ಒತ್ತಡ ತರುವ ಒಂದು ಕೆಲಸವನ್ನು ಕೊಟ್ಟರು. ಬಳಿಕ ಕೆಲವರು 30 ನಿಮಿಷ ತಮ್ಮ ತೋಟದಲ್ಲಿ ದುಡಿದರು. ಉಳಿದವರು ಅಷ್ಟೇ ಹೊತ್ತು ಒಳಗೆ ಕುಳಿತು ಓದಿದರು. ಒತ್ತಡದ ಕಾಲದಲ್ಲಿ ದೇಹದಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ರಸ ಇಬ್ಬರಲ್ಲಿಯೂ ಇಳಿಯಿತು. ತೋಟದಲ್ಲಿ ದುಡಿದವರಲ್ಲಿ ಹೆಚ್ಚು ಇಳಿಯಿತು. ಮನಸ್ಸಿನ ಉಲ್ಲಾಸ ಪೂರ್ಣವಾಗಿ ಮರಳಿದುದೂ ಅವರಿಗೆಯೇ. ಪುಸ್ತಕದಿಂದಲೂ ಹಿತವಾಯಿತೆಂಬುದನ್ನು ಗಮನಿಸಿರಿ. ಓದು ಬಿಟ್ಟು ಮಣ್ಣಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ.

ಹಾಗೆಂದ ಮಾತ್ರಕ್ಕೆ ಅತ್ಯುಕ್ತಿ ಸಲ್ಲದು. ಇವು ಸಣ್ಣ ಪ್ರಮಾಣದ ಪರಿಶೀಲನೆಗಳು. ಜ್ವರ ಬಂದರೆ ವೈದ್ಯರ ಬಳಿಗೇ ಹೋಗಬೇಕು. ಮನಸ್ಸು ಬಹುದಿನ ಕುಗ್ಗಿಯೇ ಇದ್ದರೂ ಹಿರಿಯರಿಗೆ ತಿಳಿಸಿ ವೈದ್ಯರನ್ನೇ ಕಾಣಬೇಕು. ಮನೆಯೊಳಗಿನ ನಾಲ್ಕು ಕುಂಡಗಳು ಗಾಳಿಯ ವಿಷವನ್ನೆಲ್ಲ ಹೀರಿಬಿಡುತ್ತವೆ ಎಂದು ಮಾರುವವರು ಹೇಳುವುದುಂಟು. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಮುಚ್ಚಿದ ಪೆಟ್ಟಿಗೆಗಳಲ್ಲಿ ನಡೆಸಿದ ಪ್ರಯೋಗ ಈ ನಂಬಿಕೆಗೆ ಮೂಲ. ಗಾಳಿ ಬಂದು ಹೋಗುವ ನಮ್ಮ ಕೋಣೆಗಳಲ್ಲಿ ನಾಲ್ಕಾರು ಗಿಡಗಳಿಂದ ಅಂಥ ಶುದ್ಧಿ ಆಗುವುದಿಲ್ಲವೆಂದು ಮುಂದಿನ ವಿಮರ್ಶೆಗಳು ತೋರಿಸಿವೆ. ಅದಕ್ಕೆ ಕಿಟಕಿ ತೆರೆಯುವುದೇ ಮೇಲು. ಗಿಡದ ಗುಣವನ್ನು ಹೇಳಲು ಸುಳ್ಳಿನ ಸಹಾಯ ಬೇಕಾಗಿಲ್ಲ.

ಇನ್ನು ನಮ್ಮ ಮನೆಗಳ ಕಡೆ ತಿರುಗೋಣ. ನಮ್ಮಲ್ಲಿ ಅನೇಕರ ಹಿರಿಯರು ಮಣ್ಣನ್ನು ಬಿಟ್ಟು ಈ ನಗರಕ್ಕೆ ಬಂದವರು. ಕೆಲವರು ದಕ್ಷಿಣ ಕನ್ನಡದ ಗದ್ದೆಗಳನ್ನು ಬಿಟ್ಟು ಹೋಟೆಲಿನ ಕೆಲಸಕ್ಕೆ ಬಂದರು. ಕೆಲವರು ವಿಜಯಪುರ, ಕಲಬುರಗಿಗಳ ಕಡೆಯಿಂದ ಬರಗಾಲವನ್ನು ತಾಳಲಾರದೆ ಕಟ್ಟಡದ ಕೆಲಸಕ್ಕೆ ಬಂದರು. ಅವರ ಮುಂದೆ ನಿಂತು “ಮಣ್ಣಿನಲ್ಲಿ ಆನಂದವಿದೆ” ಎಂದು ಹೇಳಿದರೆ ಅವರು ನಗಬಹುದು, ನೋಯಲೂಬಹುದು. “ಮಣ್ಣಿನ ಕಷ್ಟ ನಿನಗೆ ಬೇಡವೆಂದೇ ಅಲ್ಲವೇ ಮಗು, ನಿನ್ನನ್ನು ಶಾಲೆಗೆ ಕಳುಹಿಸಿದುದು?” ಎಂದು ತಂದೆಯೊಬ್ಬನು ಕೇಳಿದರೆ ನಾವೇನು ಉತ್ತರ ಕೊಡಬೇಕು? ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾಲ ತೀರಿಸುವುದಕ್ಕಾಗಿ ಮಳೆಯ ದಾರಿ ನೋಡುತ್ತ ಉಳುವವನ ಪಾಡು ಬೇರೆ. ಮನಸ್ಸಿಗೆ ಹಿತವಾಗಲೆಂದು ಒಂದು ಕುಂಡವನ್ನು ಸಾಕುವವನ ಪಾಡು ಬೇರೆ. ಎರಡನ್ನೂ ಒಂದೇ ಎಂದು ಹೇಳುವವನಿಗೆ ಒಕ್ಕಲುತನದ ಅನುಭವವಿಲ್ಲ.

ಆದರೆ ಆ ತಂದೆಗೆ ಒಂದು ಮಾತನ್ನು ವಿನಯದಿಂದ ಹೇಳಬಹುದು. ಅಯ್ಯಾ, ನೀವು ಬಿಟ್ಟು ಬಂದುದು ಮಣ್ಣಿನ ಬಡತನವನ್ನು, ಮಣ್ಣಿನ ವಿದ್ಯೆಯನ್ನಲ್ಲ. ಆ ವಿದ್ಯೆ ನಿಮ್ಮ ಕೈಯಲ್ಲಿ ಇನ್ನೂ ಇದೆ. ನಿಮ್ಮ ತಾಯಿಯ ಕೈಯಲ್ಲಿ ಇನ್ನೂ ಹೆಚ್ಚಾಗಿದೆ. ಊರಿನಿಂದ ಬಂದು ನಮ್ಮ ಚಿಕ್ಕ ಕೋಣೆಗಳಲ್ಲಿ ಉಳಿದ ಅಜ್ಜಿಯರನ್ನು ನೆನೆಯಿರಿ. ಅಲ್ಲಿ ಹಿತ್ತಿಲು, ಬಾವಿ, ಬಸಳೆಯ ಚಪ್ಪರ, ಕರು ಎಲ್ಲಕ್ಕೂ ಒಡತಿಯಾಗಿದ್ದವಳು ಇಲ್ಲಿ ಮೂರನೆಯ ಮಾಳಿಗೆಯ ಕಿಟಕಿಯ ಬಳಿ ಕುಳಿತಿದ್ದಾಳೆ. ಭಾಷೆ ತಿಳಿಯದು, ರಸ್ತೆ ದಾಟಲು ಭಯ. ಮನೆಯವರೆಲ್ಲರೂ ಅವಳನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾರೆ. ಆದರೆ ಅವಳು ನೋಡಿಕೊಳ್ಳಬೇಕಾದುದು ಏನೂ ಇಲ್ಲ. ರಷ್ ಕಂಡ ಸಿರಿವಂತ ರೋಗಿಯ ಸ್ಥಿತಿ ಇದೇ ಅಲ್ಲವೇ? ಅವಳ ಮುಂದೆ ಒಂದು ಕುಂಡವನ್ನೂ ಒಂದು ಹಿಡಿ ಮೆಂತ್ಯವನ್ನೂ ಇಟ್ಟು, “ಅಜ್ಜಿ, ಇದನ್ನು ಹೇಗೆ ಬಿತ್ತಬೇಕು?” ಎಂದು ಕೇಳಿ ನೋಡಿರಿ. ಆ ಕ್ಷಣದಲ್ಲಿ ಅವಳು ಆರೈಕೆ ಪಡೆಯುವವಳಲ್ಲ, ಆರೈಕೆಯನ್ನು ಕಲಿಸುವ ಗುರು. ಒಂದು ಗಿಡ ಮಾಡಬಲ್ಲ ಅತ್ಯಂತ ದೊಡ್ಡ ಚಿಕಿತ್ಸೆ ಇದೇ ಎಂದು ನನಗೆ ತೋರುತ್ತದೆ: ಅದು ನೋಡಿಸಿಕೊಳ್ಳುವವರನ್ನು ನೋಡಿಕೊಳ್ಳುವವರನ್ನಾಗಿ ಮಾಡುತ್ತದೆ.

ವಿದ್ಯಾರ್ಥಿಗಳ ವಿಷಯದಲ್ಲಿಯೂ ಈ ಮಾತು ನಿಜ. ಬೆಳಗಿನಿಂದ ಸಂಜೆಯವರೆಗೆ ನಿಮ್ಮನ್ನು ಯಾರಾದರೂ ತಿದ್ದುತ್ತಲೇ ಇರುತ್ತಾರೆ. ತಾಯಿತಂದೆಯರು, ಗುರುಗಳು, ಪರೀಕ್ಷಕರು ಎಲ್ಲರೂ ನಿಮ್ಮಿಂದ ಏನನ್ನೋ ಅಪೇಕ್ಷಿಸುವವರೇ. ಗಿಡವೊಂದೇ ನಿಮ್ಮ ಅಂಕಗಳನ್ನು ಕೇಳುವುದಿಲ್ಲ. ಕನ್ನಡ ಶಾಲೆಯಲ್ಲಿ ಓದುತ್ತೀಯೋ ಇಂಗ್ಲಿಷ್ ಶಾಲೆಯಲ್ಲಿ ಓದುತ್ತೀಯೋ ಎಂದೂ ಕೇಳುವುದಿಲ್ಲ. ಅದು ಕೇಳುವುದು ಇಷ್ಟೇ: ಇಂದು ನನ್ನನ್ನು ನೋಡಿದೆಯಾ?

ಆದುದರಿಂದ ನನ್ನ ಸೂಚನೆ ಹೀಗಿದೆ. ಶಾಲೆಯ ಬಾಗಿಲಲ್ಲಿ ಅತಿಥಿಗಳಿಗಾಗಿ ಇಟ್ಟ, ‘ಮುಟ್ಟಬಾರದು’ ಎಂಬ ಫಲಕವುಳ್ಳ ಕುಂಡಗಳು ಇರಲಿ. ಅವು ಕಣ್ಣಿಗೆ ಚೆಂದ. ಅವುಗಳ ಜೊತೆಗೆ, ಐದನೆಯ ತರಗತಿಯಿಂದ ಮೇಲಿನ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು ಗಿಡದ ಹೊಣೆಯನ್ನು ಒಪ್ಪಿಸಬೇಕು. ಸಸಿಯನ್ನು ದೊಡ್ಡ ಅಂಗಡಿಯಿಂದ ತರಿಸದೆ, ಶಾಲೆಗೆ ಹತ್ತಿರವಿರುವ ಕುಟುಂಬದ ನರ್ಸರಿಗೆ ಮಕ್ಕಳೇ ಹೋಗಿ, ಅಲ್ಲಿನವರಿಂದ ಮಣ್ಣಿನ ಹದವನ್ನು ಕೇಳಿ ತಿಳಿದು ತರಬೇಕು. ಇದಕ್ಕೆ ಅಂಕವಿರಬಾರದು, ಸ್ಪರ್ಧೆಯಿರಬಾರದು, ಅತ್ಯುತ್ತಮ ಹೂವಿಗೆ ಬಹುಮಾನವೂ ಇರಬಾರದು. ಗಿಡ ಸತ್ತರೆ ಶಿಕ್ಷೆಯೂ ಬೇಡ. ಏಕೆ ಸತ್ತಿತೆಂದು ನಾಲ್ಕು ಸಾಲು ಬರೆದರೆ ಸಾಕು. ನಿಬಂಧದ ಪುಸ್ತಕದಲ್ಲಿ ಅದಕ್ಕಿಂತ ಸತ್ಯವಾದ ನಿಬಂಧ ಇನ್ನೊಂದಿರಲಾರದು.

ಸ್ಥಳವಿಲ್ಲವೆಂಬ ಆಕ್ಷೇಪಕ್ಕೆ ಮುಂಬಯಿಯೇ ಉತ್ತರ ಕೊಟ್ಟಿದೆ. ನಮ್ಮ ಸಂತೆಗಳಲ್ಲಿ ಬೇರಿನೊಡನೆ ಸಣ್ಣ ಕಟ್ಟುಗಳಾಗಿ ಮಾರುವ ‘ಸಮುದ್ರ ಮೆಂತ್ಯ’ ಮರಳು ನೆಲದಲ್ಲಿ ಬೆಳೆಯುವಂಥದು. ಒಂದು ಅಗಲವಾದ ಹಳೆಯ ಡಬ್ಬಿಯ ತಳಕ್ಕೆ ರಂಧ್ರಗಳನ್ನು ಮಾಡಿ, ಮಣ್ಣು ತುಂಬಿ, ರಾತ್ರಿ ನೆನೆಸಿದ ಮೆಂತ್ಯವನ್ನು ಚೆಲ್ಲಿದರೆ ನಾಲ್ಕಾರು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಮೂರು ವಾರಗಳ ಸುಮಾರಿಗೆ ಒಂದು ಹೊತ್ತಿನ ಪಲ್ಯಕ್ಕೆ ಸೊಪ್ಪಾಗುತ್ತದೆ. ದೊಡ್ಡಪತ್ರೆಯ ಒಂದು ತುಂಡು ಕೊಂಬೆಯನ್ನು ಊರಿದರೆ ಸಾಕು, ಬೇರು ಬಿಡುತ್ತದೆ. ಬಸಳೆಯೂ ಅಂತೆಯೇ. ಆದರೆ ಮೂರು ಎಚ್ಚರಗಳನ್ನು ಮರೆಯಬಾರದು. ಕಿಟಕಿಯ ಅಂಚಿನಲ್ಲಿ ಕುಂಡವನ್ನು ಇಡಬಾರದು. ಕೆಳಗೆ ನಡೆಯುವವರ ತಲೆ ಗಟ್ಟಿಯಾದ ವಸ್ತುವಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಡೆಂಗ್ಯೂ ಹರಡುವ ಸೊಳ್ಳೆಗೆ ಅಷ್ಟು ನೀರೇ ಧಾರಾಳ. ಮಣ್ಣು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂಡಬಾರದು.

ನಿಜವಾದ ಕಷ್ಟ ಬರುವುದು ಬೇಸಗೆ ರಜೆಯಲ್ಲಿ. ನಾವೆಲ್ಲ ಊರಿಗೆ ಹೊರಟುಬಿಡುತ್ತೇವೆ. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಗಿಡ ಒಂಟಿಯಾಗುತ್ತದೆ. ಆಗ ಅದನ್ನು ಪಕ್ಕದ ಮನೆಯ ಮರಾಠಿ ಅಥವಾ ಗುಜರಾತಿ ತಾಯಿಯ ಕೈಗೆ ಒಪ್ಪಿಸಬೇಕಾಗುತ್ತದೆ. ವರ್ಷವಿಡೀ ಮಾತನಾಡದವರೊಡನೆ ಮೊದಲ ಮಾತನ್ನು ಆಡಿಸುವ ಪುಣ್ಯವೂ ಆ ಗಿಡಕ್ಕೇ ಸಲ್ಲುತ್ತದೆ. ಊರಿನಿಂದ ಮರಳಿದಾಗ ನೀವು ಅವರಿಗೆ ಹಪ್ಪಳವನ್ನೋ ಹಲಸಿನ ಹಣ್ಣನ್ನೋ ಕೊಡುತ್ತೀರಿ. ಅವರು ನಿಮಗೆ ಗಿಡವನ್ನು ಕೊಡುತ್ತಾರೆ.

“ಕೈ ಕೆಸರಾದರೆ ಬಾಯಿ ಮೊಸರು” ಎಂದರು ನಮ್ಮ ಹಿರಿಯರು. ಹೊಟ್ಟೆಯ ಹಸಿವೇ ದೊಡ್ಡದಾಗಿದ್ದ ಕಾಲದಲ್ಲಿ ಅವರು ಬಾಯಿಯ ಲಾಭವನ್ನು ಹೇಳಿದುದು ಸಹಜ. ನಗರದ ಇಕ್ಕಟ್ಟಿನಲ್ಲಿ ಬೆಳೆಯುತ್ತಿರುವ ನಮಗೆ ಬೇರೊಂದು ಹಸಿವೂ ಇದೆ. ನನ್ನಿಂದಲೂ ಒಂದು ಜೀವ ಬದುಕಿತು ಎಂದು ಹೇಳಿಕೊಳ್ಳುವ ಹಸಿವು. ಅದನ್ನು ತಣಿಸಲು ಗಾಜಿನ ಅರಮನೆ ಬೇಕಾಗಿಲ್ಲ. ಒಂದು ಡಬ್ಬಿ, ಒಂದು ಹಿಡಿ ಮಣ್ಣು, ದಿನಕ್ಕೊಮ್ಮೆ ಬಾಗಿ ನೋಡುವ ಅಭ್ಯಾಸ, ಇಷ್ಟು ಸಾಕು. ಈ ಸಂಚಿಕೆ ನಿಮ್ಮ ಕೈ ಸೇರಿದ ದಿನವೇ ಮನೆಯ ಮೆಂತ್ಯದ ಡಬ್ಬಿಯಿಂದ ಒಂದು ಹಿಡಿಯನ್ನು ನೀರಿನಲ್ಲಿ ನೆನೆಹಾಕಿರಿ. ಮುಂದಿನದನ್ನು ಅಜ್ಜಿಯನ್ನು ಕೇಳಿರಿ.